ಯಿವುಗೆ ಬೆಲ್ಲ ಹೊತ್ತು ತರಬೇಡ

"ಅಕ್ಕ, ಯಜಮಾನರ ಕೆಲಸಕ್ಕೆ ಯಿವುಗೆ ಬರ್ತಿದೀವಿ. ಅತ್ತೆ ಐದು ಕೆಜಿ ಬೆಲ್ಲ ಕಟ್ಟಿಡ್ತಿದಾರೆ. ಅಲ್ಲಿ ಸಿಗಲ್ವಾ? ಚೀನಾದ ಸಿಹಿ ನಾವು ಸಸ್ಯಾಹಾರಿಗಳು ತಿನ್ನಬಹುದಾ?" ಅಂತ ಕೇಳಿದ್ದೀಯ.

ನೋಡಮ್ಮ, ನೀನು ಬರ್ತಿರೋದೇ ಬೆಲ್ಲದ ಊರಿಗೆ. ಚೀನಾದ ಯಿವು ಅಂದ್ರೆ ನಮ್ಮೋರಿಗೆಲ್ಲ ಹೋಲ್‌ಸೇಲ್ ಮಾರ್ಕೆಟ್. ಆ ಮಾರ್ಕೆಟ್ಟಿನ ಬೇರು ಇರೋದೇ ಬೆಲ್ಲದಲ್ಲಿ. ಚೀನಾದ ಕೊನೆಯ ರಾಜವಂಶ ಛಿಂಗ್ ದೊರೆಗಳ ಕಾಲದಿಂದಲೂ ಇಲ್ಲಿಯ ರೈತರು ಬಿಡುವಿನ ದಿನಗಳಲ್ಲಿ ಹೆಗಲಿಗೆ ಅಡ್ಡೆ ಏರಿಸಿ, ಪುಟ್ಟ ಡಮರು ಆಡಿಸ್ತಾ ಊರೂರು ಸುತ್ತಿ, ಬೆಲ್ಲದ ಮಿಠಾಯಿ ಕೊಟ್ಟು ಕೋಳಿ ಪುಕ್ಕ ತರ್ತಿದ್ರು. ಒಳ್ಳೆ ಪುಕ್ಕ ಧೂಳು ಹೊಡೆಯೋ ಕುಚ್ಚಿಗೆ, ಮಿಕ್ಕಿದ್ದು ಹೊಲಕ್ಕೆ ಗೊಬ್ಬರ. ಬರ್ತಾ ಬರ್ತಾ ಅಡ್ಡೆಗೆ ಸೂಜಿ, ದಾರ, ಗುಂಡಿಗಳೂ ಸೇರಿದವು. 1982ರಲ್ಲಿ ಮಾರ್ಕೆಟ್ ಶುರುವಾದಾಗ ವ್ಯಾಪಾರ ಗೊತ್ತಿದ್ದೋರು ಇವರೇ.

ಇಲ್ಲಿ ಬೆಲ್ಲಕ್ಕೆ ಹೋಂಗ್ ಥಾಂಗ್ ಅಂತಾರೆ. ನವೆಂಬರ್, ಡಿಸೆಂಬರಿನಲ್ಲಿ ಯಿವುನದೇ ಯಿಥಿಂಗ್ ಅನ್ನೋ ಊರಿನ ಕಡೆ ಹೋದ್ರೆ ಆಲೆಮನೆಗಳು ನಡೀತಿರ್ತವೆ. ಸಾಲಾಗಿ ಕೊಪ್ಪರಿಗೆಗಳು, ಕೆಳಗೆ ಬೆಂಕಿ. ಕಬ್ಬಿನ ಹಾಲು ಒಂದರಿಂದ ಇನ್ನೊಂದಕ್ಕೆ ಸಾಗ್ತಾ ಗಟ್ಟಿಯಾಗುತ್ತೆ, ಒಬ್ಬ ನೊರೆ ತೆಗೀತಾನೇ ಇರ್ತಾನೆ. ನಮ್ಮಲ್ಲಿ ಅಚ್ಚಿಗೆ ಹೊಯ್ಯೋ ಹೊತ್ತಿಗೆ ಇವರು ಪಾಕಾನ ಮರದ ತೊಟ್ಟಿಗೆ ಸುರಿದು, ಪುಡಿಪುಡಿ ಆಗೋವರೆಗೂ ಕೈ ಬಿಡದೆ ತಿರುವುತ್ತಾರೆ. ಹಾಗಾಗಿ ಯಿವು ಬೆಲ್ಲ ಅಂದ್ರೆ ಪುಡಿ ಬೆಲ್ಲ. ಹೂರಣಕ್ಕೆ ಜಜ್ಜೋ ಕೆಲಸ ಇಲ್ಲ. ಇನ್ನೊಂದು ವಿಷಯ: 647ರ ಸುಮಾರಿಗೆ ಥಾಂಗ್ ವಂಶದ ದೊರೆ ಥಾಯ್‌ಝೋಂಗ್ ಸಕ್ಕರೆ ಕಾಯಿಸೋ ವಿಧಾನ ಕಲಿತು ಬನ್ನಿ ಅಂತ ನಮ್ಮ ಮಗಧಕ್ಕೆ ಜನ ಕಳಿಸಿದ್ದ ಅಂತ ಅವರದೇ ಇತಿಹಾಸದಲ್ಲಿದೆ. ಅತ್ತೆಗೆ ಇದನ್ನ ಹೇಳು, ಸ್ವಲ್ಪ ಸಮಾಧಾನ ಆದೀತು.

ಸೂಪರ್‌ಮಾರ್ಕೆಟ್ಟಲ್ಲಿ ಕೊಳ್ಳೋವಾಗ ಪ್ಯಾಕೆಟ್ ಹಿಂದೆ ಫೋನ್ ಹಿಡಿದು ಓದಿಸು. ಪದಾರ್ಥದ ಸಾಲಿನಲ್ಲಿ ಕಬ್ಬು ಒಂದೇ ಇರಬೇಕು. 'ಛಿ ಷಾ ಥಾಂಗ್' ಅಂತ ಬಂತಾ, ಅದು ಕಾರ್ಖಾನೆಯ ಕಂದು ಸಕ್ಕರೆ. ಪಾಯಸಕ್ಕೆ ಹಾಕಿದ್ರೆ ಬಣ್ಣ ಬರುತ್ತೆ, ಬೆಲ್ಲದ ಘಮ ಬರಲ್ಲ. ಚಂದದ ಡಬ್ಬಿಯಲ್ಲಿ ಶುಂಠಿ, ಬೋರೆಹಣ್ಣು ಸೇರಿಸಿದ ಚೌಕದ ಅಚ್ಚುಗಳೂ ಇರ್ತವೆ. ಅವು ಮುಟ್ಟಿನ ಹೊಟ್ಟೆನೋವಿಗೆ, ಬಾಣಂತಿಯರಿಗೆ ಅಂತ ಬಿಸಿನೀರಿಗೆ ಹಾಕಿ ಕುಡಿಯೋಕೆ. ಬೆಲೆ ಜಾಸ್ತಿ, ಅಡುಗೆಗಲ್ಲ.

ಇನ್ನು ತಿನ್ನೋದು. ಸಿಚುವಾನ್ ಹೋಟೆಲಿಗೆ ಹೋದ್ರೆ ಛಿಬಾ ಕೇಳು: ಅಂಟಕ್ಕಿಯನ್ನ ಬೇಯಿಸಿ ಕುಟ್ಟಿ ಕರಿದ ತುಂಡುಗಳು, ಮೇಲೆ ಬೆಲ್ಲದ ಪಾಕ, ಹುರಿದ ಸೋಯಾ ಹಿಟ್ಟು. ಹೊರಗೆ ಗರಿಗರಿ, ಒಳಗೆ ಎಳೆದಷ್ಟೂ ಬರುತ್ತೆ. ಬಿಸಿ ಇರೋವಾಗ್ಲೇ ತಿನ್ನು, ಆರಿದ್ರೆ ಹಲ್ಲಿಗೆ ಶಿಕ್ಷೆ. ಬೇಸಿಗೆಗೆ ಬಿಂಗ್ ಫೆನ್ ಅಂತ ತಣ್ಣನೆ ಜೆಲ್ಲಿ, ಅದಕ್ಕೂ ಬೆಲ್ಲದ ಪಾಕವೇ. ಯಿವುನದೇ ತಿಂಡಿ ಬೇಕಂದ್ರೆ ಬೆಲ್ಲ ಅಂಟಿಸಿದ ಮಾಹ್ವಾ. ಹಿಟ್ಟನ್ನ ಹುರಿಯಾಗಿ ಹೊಸೆದು ಕರಿದಿರ್ತಾರೆ.

ಆದ್ರೆ ಸಿಹಿ ಅಂದ ಮಾತ್ರಕ್ಕೆ ಸಸ್ಯಾಹಾರ ಅಂತ ನಂಬಬೇಡ. ಇದೇ ಪ್ರಾಂತ್ಯದ ನಿಂಗ್‌ಬೋ ಊರಿನ ಥಾಂಗ್‌ಯುವಾನ್ ಅನ್ನೋ ಅಂಟಕ್ಕಿ ಉಂಡೆ ನೋಡೋಕೆ ನಮ್ಮ ಎಳ್ಳಿನ ಕಡುಬೇ ಅನ್ನಿಸುತ್ತೆ, ಒಳಗಿನ ಕರಿ ಎಳ್ಳಿನ ಹೂರಣಕ್ಕೆ ಹಂದಿ ಕೊಬ್ಬು ಬೆರೆಸಿರ್ತಾರೆ. ಕರಿಯೋಕೂ ಅದನ್ನ ಬಳಸೋರಿದ್ದಾರೆ. "ಯೋ ಝೂ ಯೋ ಮಾ?" ಅಂತ ಕೇಳೋದನ್ನ ಬಂದ ಮೊದಲ ವಾರವೇ ಕಲಿ: ಹಂದಿ ಕೊಬ್ಬು ಹಾಕಿದೀರಾ ಅಂತ. ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಬೆಲ್ಲ ಬಿಟ್ಟ ಜಾಗದಲ್ಲಿ ಸಾರಿನ ಪುಡಿ, ಹುಣಸೆಹಣ್ಣು ತುಂಬ್ಕೋ. ಗಸಗಸೆ ಮಾತ್ರ ಅತ್ತೆ ಎಷ್ಟೇ ಹೇಳಿದ್ರೂ ಇಡಬೇಡ. ಇಲ್ಲಿ ಅದನ್ನ ಅಡುಗೆಗೆ ಮಾರೋ ಹಾಗೂ ಇಲ್ಲ, ಅಫೀಮಿನ ಗಿಡದ ಬೀಜ ಅಂತಲೇ ನೋಡ್ತಾರೆ.