‘ಚಲೋ ಐತಿ’ ಅಂದವರೆಲ್ಲ ಕಲಿತಿರುವುದಿಲ್ಲ

ಕಲಿಸುವ ವಿಡಿಯೊ, ಆ್ಯಪ್‌ಗಳ ವಿನ್ಯಾಸದ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೆಯವೇ, ಊರಿನ ಹೆಸರಷ್ಟೇ ಬೇರೆ. ಆ್ಯಪ್ ಯಾರ ಕಡೆ ಮಾಡಿಸಬೇಕು, ಕ್ಯಾಮೆರಾ ಯಾವುದು ಎಂದೆಲ್ಲ ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ನಮ್ಮ ರೈತ ಉತ್ಪಾದಕ ಕಂಪನಿಯಿಂದ ದ್ರಾಕ್ಷಿ ರೋಗಕ್ಕ ಹೊಡಿಯೋ ಬೋರ್ಡೋ ದ್ರಾವಣ ಮಾಡೋದರ ಬಗ್ಗೆ 22 ನಿಮಿಷದ ವಿಡಿಯೊ ಪಾಠ ಮಾಡೀವ್ರಿ. ಎಲ್ಲಾರೂ ನೋಡಿ ಚಲೋ ಐತಿ ಅಂದಾರ. ಆದ್ರ ಪಡಕ್ಕ ಹೋದ ಮ್ಯಾಲೆ ಸುಣ್ಣ ಎಷ್ಟು, ಯಾವುದನ್ನ ಯಾವುದಕ್ಕ ಹಾಕಬೇಕು ಅಂತ ಫೋನ್ ಹಚ್ಚತಾರ. ರೈತರಿಗೆ ಲಕ್ಷ್ಯ ಕಡಿಮಿ ಏನ್ರಿ? ಅನಿಮೇಶನ್ ಹಾಕಿದ್ರ ಹೆಂಗ? (ತಿಕೋಟಾ)

ಲಕ್ಷ್ಯ ಇಲ್ಲದವರು ಫೋನ್ ಹಚ್ಚುವುದಿಲ್ಲ. ತಪ್ಪು ಪಾಠದ್ದು. ಅನಿಮೇಶನ್‌ಗೆ ಎತ್ತಿಟ್ಟ ಹಣ ಹಾಗೇ ಇರಲಿ.

ಮನುಷ್ಯ ಒಂದೇ ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಸುಮಾರು 4. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ 7 ಅಂದಿದ್ದನ್ನೇ ಇಂದಿಗೂ ತರಬೇತಿಗಳಲ್ಲಿ ಒಪ್ಪಿಸುತ್ತಾರೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಆ ಲೆಕ್ಕವನ್ನು 4ಕ್ಕೆ ಇಳಿಸಿದ್ದು ಅವರ ಸ್ಲೈಡಿಗೆ ಇನ್ನೂ ತಲುಪಿಲ್ಲ. ನೀವು ಕಳಿಸಿದ ವಿಡಿಯೊ ಶುರುವಿನಲ್ಲೇ ಏನೇನು ಹೇಳುತ್ತದೆ ನೋಡಿ: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು, ತಲಾ 50 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮು, ಕಬ್ಬಿಣದ ಪಾತ್ರೆ ಬೇಡ, ಚಾಕುವಿನ ಪರೀಕ್ಷೆ, ಅದೇ ದಿನ ಸಿಂಪಡಣೆ. ಇವನ್ನೆಲ್ಲ ಬಳಸುವ ದೃಶ್ಯ ಬರುವುದು ಎಷ್ಟೋ ನಿಮಿಷದ ಮೇಲೆ. ಅಷ್ಟರೊಳಗೆ ಅರ್ಧ ಸೋರಿ ಹೋಗಿರುತ್ತದೆ.

ಇದರ ಮೇಲೆ ಹೇಳುವ ಮಾತೇ ಪರದೆ ತುಂಬ ಅಕ್ಷರವಾಗಿಯೂ ಓಡುತ್ತದೆ, ಹಿಂದೆ ಹಾಡು, ನಡುವೆ ಡ್ರೋನ್ ದೃಶ್ಯ. ಚಿತ್ರಕ್ಕೆ ದನಿ ಸೇರಿದರೆ ಕಲಿಕೆ ಸುಧಾರಿಸುತ್ತದೆ. ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗುತ್ತದೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿದ್ದು ಇದನ್ನೇ. ಪರದೆಯ ಮೇಲೆ ‘ಸುಣ್ಣ 1 ಕೆ.ಜಿ.’ ಎಂಬಷ್ಟು ಸಾಕು. ಕಿವಿ ಮಂದ ಇರುವವರಿಗೆ ಪೂರ್ತಿ ಉಪಶೀರ್ಷಿಕೆ ಬೇಕೇ ಬೇಕು, ಆದರೆ ಬೇಕಾದವರು ಒತ್ತಿ ತರಿಸಿಕೊಳ್ಳುವಂತಿರಲಿ. ಹಾಡು ತೆಗೆಯಿರಿ. ಡ್ರೋನ್ ದೃಶ್ಯ ಉದ್ಘಾಟನೆ ದಿನ ತೋರಿಸಿ.

ಇನ್ನು ಕತ್ತರಿ ಹಾಕುವುದು. ಒಂದು ತುಣುಕಿಗೆ ಕೈಯಿಂದ ಮಾಡುವ ಕೆಲಸ ಒಂದೇ: ಮೈಲುತುತ್ತ ಕರಗಿಸುವುದು, ಸುಣ್ಣ ಕರಗಿಸಿ ಸೋಸುವುದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಚಾಕು ಅದ್ದಿ ನೋಡುವುದು. ಅಳತೆಯನ್ನು ಅಳೆಯುವ ದೃಶ್ಯದಲ್ಲೇ ಹೇಳಿ, ಮೊದಲೇ ಪಟ್ಟಿ ಓದಬೇಡಿ. ಪ್ರತಿ ತುಣುಕು ತಾನಾಗಿ ನಿಲ್ಲಬೇಕು, ನೋಡುವವರು ಒತ್ತಿದ ಮೇಲೆ ಮುಂದಿನದು.

ನಿಂತಲ್ಲಿ ಒಂದು ಪ್ರಶ್ನೆ. ‘ಅರ್ಥವಾಯಿತೇ? ಹೌದು / ಇಲ್ಲ’ ಎಂಬುದು ಪ್ರಶ್ನೆಯಲ್ಲ, ಶಿಷ್ಟಾಚಾರ. ‘ಇಲ್ಲ’ ಒತ್ತಿ ಯಾರು ಸಣ್ಣವರಾಗುತ್ತಾರೆ? ‘20 ಲೀಟರ್ ದ್ರಾವಣಕ್ಕೆ ಸುಣ್ಣ ಎಷ್ಟು?’ ಎಂದು ಕೇಳಿ. ಉತ್ತರ 200 ಗ್ರಾಂ. ತಪ್ಪು ಆಯ್ಕೆಗಳೂ ಜನ ನಿಜವಾಗಿ ಮಾಡುವ ತಪ್ಪುಗಳೇ ಆಗಿರಲಿ: 20 ಗ್ರಾಂ, 1 ಕೆ.ಜಿ. ತಪ್ಪು ಒತ್ತಿದವರಿಗೆ ಕೆಂಪು ಗುರುತು ತೋರಿಸಿ ಕೈತೊಳೆದುಕೊಳ್ಳಬೇಡಿ, ಆ ತಪ್ಪಿನ ಫಲ ಹೇಳಿ. ಸುಣ್ಣ ಕಡಿಮೆಯಾದರೆ ದ್ರಾವಣ ಹುಳಿಯಾಗಿ ಎಲೆ ಸುಡುತ್ತದೆ. ಅದ್ದಿದ ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಕಣ ದಪ್ಪಗಾಗಿ ಬೇಗ ತಳಕ್ಕೆ ಕೂರುತ್ತದೆ, ನಾಝಲ್ ಕಟ್ಟುತ್ತದೆ. ಕಾರಣ ಸಿಕ್ಕರೆ ಕ್ರಮ ನೆನಪಿಗೆ ಅಂಟುತ್ತದೆ.

ಇಷ್ಟಕ್ಕೇ ಬಿಟ್ಟರೆ ವಾರದಲ್ಲಿ ಮತ್ತೆ ಫೋನ್ ಬರುತ್ತದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ಮೇಲೆ ಕೇಳಿದಾಗ, ನೆನಪಿನಿಂದ ತೆಗೆದು ಬರೆದು ಅಭ್ಯಾಸ ಮಾಡಿದವರು ಮುಂದಾದರು. ಹಾಗಾಗಿ ಪಾಠ ಮುಗಿದ ಕೂಡಲೇ ಬರುವ ‘ಚಲೋ ಐತಿ’ಯನ್ನು ನಂಬಬೇಡಿ. 2 ದಿನದ ನಂತರ ಒಂದು, ವಾರದ ನಂತರ ಒಂದು, ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವ) ಹೊತ್ತಿಗೆ ಡೌನಿ ಬೂಜು ರೋಗದ ಕಾಟ ಶುರುವಾಗುವ ಮೊದಲು ಎರಡು ಪ್ರಶ್ನೆ ವಾಟ್ಸ್ಆ್ಯಪ್‌ನಲ್ಲಿ ಹೋಗಲಿ. ಉತ್ತರ ಅದೇ ಸಂದೇಶದಲ್ಲಿ ಬೇಡ. ಕಣ್ಣಿಗೆ ಬಿದ್ದ ಉತ್ತರವನ್ನು ತಲೆ ಹುಡುಕುವುದಿಲ್ಲ.

ಎಲ್ಲವನ್ನೂ ನೆನಪಿಡಿಸುವ ಹಟವೂ ಬೇಡ. ಅಳತೆಯ ಲೆಕ್ಕ ಆ್ಯಪ್‌ಗಿರಲಿ: ಎಷ್ಟು ಲೀಟರ್ ಎಂದು ಹಾಕಿದರೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂಬ ಎರಡು ಅಳತೆ ದೊಡ್ಡದಾಗಿ ಬರಬೇಕು, ನೆಟ್‌ವರ್ಕ್ ಇಲ್ಲದಾಗಲೂ. ಸುರಿಯುವ ಕ್ರಮ ಮತ್ತು ಚಾಕುವಿನ ಪರೀಕ್ಷೆ ಮಾತ್ರ ತಲೆಯಲ್ಲೇ ಇರಬೇಕು, ಯಾಕೆಂದರೆ ಆ ಹೊತ್ತಿಗೆ ಕೈ ನೀಲಿಯಾಗಿ ಒದ್ದೆಯಿರುತ್ತದೆ, ಫೋನು ಕಿಸೆಯಲ್ಲಿರುತ್ತದೆ. ಹತ್ತಾರು ವರ್ಷ ದ್ರಾಕ್ಷಿ ಬೆಳೆದವರಿಗೆ ಮೊದಲು ಪ್ರಶ್ನೆ ಕೇಳಿ, ಸರಿ ಹೇಳಿದರೆ ತುಣುಕು ದಾಟಿಸಿ. ಬಲ್ಲವರಿಗೆ ಬಿಡಿಸಿ ಬಿಡಿಸಿ ಹೇಳಿದರೆ ಬೇಸರವಷ್ಟೇ ಅಲ್ಲ, ಕಲಿಕೆಯೇ ಕುಂದುತ್ತದೆ.

ಹಂಚುವ ಮೊದಲು 5 ಮಂದಿಯ ಕೈಗೆ ಕೊಟ್ಟು, ನಿಜವಾದ ಡ್ರಮ್ಮಿನ ಮುಂದೆ ನಿಲ್ಲಿಸಿ ನೋಡಿ. ಬಾಯಿ ಮುಚ್ಚಿಕೊಂಡು ನೋಡಿ. ‘ಅಲ್ಲಿ ಒತ್ರೀ ಅಣ್ಣಾರ’ ಅಂದ ಕ್ಷಣಕ್ಕೆ ಪರೀಕ್ಷೆ ಕೆಟ್ಟಿತು.

ನಮ್ಮ ಕಾಲೇಜಿಗೆ ಒಬ್ಬರು ಬಂದು, ವಿದ್ಯಾರ್ಥಿಗಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಆ್ಯಪ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ತಲೆಗೆ ಇಷ್ಟೆಂದು ದರ. (ಬೆಳಗಾವಿ)

ಚಹಾ ಕೊಟ್ಟು ಕಳಿಸಿ. ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ತಕ್ಕ ಪುರಾವೆ ಇಲ್ಲವೆಂದು 2008ರಲ್ಲೇ ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಸಂಗಡಿಗರು ಪರಿಶೀಲಿಸಿ ಬರೆದಿದ್ದಾರೆ. ಅಂಗೈ ರೇಖೆ ನೋಡಿ ಶಾಖೆ ಹಂಚುವವರಿಗೂ ಇವರಿಗೂ ದರಪಟ್ಟಿಯಷ್ಟೇ ವ್ಯತ್ಯಾಸ.

ಓದಿದ್ದರಲ್ಲಿ 10%, ಕೇಳಿದ್ದರಲ್ಲಿ 20%, ಮಾಡಿದ್ದರಲ್ಲಿ 90% ನೆನಪಿರುತ್ತದೆ ಅನ್ನುವ ಚಿತ್ರ ನಿಜವೇ? (ಜಮಖಂಡಿ)

ಸುಳ್ಳು. ಇದಕ್ಕೆ ಮೂಲವೆಂದು ತೋರಿಸುವ, ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಚಿತ್ರದಲ್ಲಿ ಶೇಕಡಾ ಲೆಕ್ಕವೇ ಇರಲಿಲ್ಲ.

ಯಾವ ಪುಟಕ್ಕಾದರೂ 3 ಕ್ಲಿಕ್ಕಿನಲ್ಲಿ ಹೋಗುವಂತಿರಬೇಕೇ? (ವಿಜಯಪುರ)

ಬೇಡ. ಪ್ರತಿ ಕ್ಲಿಕ್ಕೂ ಅನುಮಾನವಿಲ್ಲದೆ ಒತ್ತುವಂತಿದ್ದರೆ 6 ಆದರೂ ಯಾರೂ ಎಣಿಸುವುದಿಲ್ಲ.

ಸೀರೆ ಮಾರುವ ನಮ್ಮ ಆ್ಯಪ್‌ನಾಗ ಕನ್ನಡ ಹಾಕಿದ್ರ ಅಕ್ಷರದ ತಳ ಕಟ್ ಆಗತೈತ್ರಿ. ಫಾಂಟ್ ಬದಲಿ ಮಾಡಬೇಕೇನು? (ಇಳಕಲ್)

ಫಾಂಟಿನ ತಪ್ಪಲ್ಲ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರಕ್ಕೆ ಕನ್ನಡ ತುರುಕಿದ್ದೀರಿ. ಅಕ್ಷರದ ಅಳತೆಯ 1.2 ಪಟ್ಟು ಇದ್ದದ್ದನ್ನು 1.6 ಪಟ್ಟಿನ ಹತ್ತಿರ ತನ್ನಿ, ಇಲ್ಲದಿದ್ದರೆ ಒತ್ತಕ್ಷರಕ್ಕೆ ಜಾಗವಿಲ್ಲ. ಗುಂಡಿಯ ಎತ್ತರ ಅಗಲಗಳನ್ನು ಗಟ್ಟಿ ಅಳತೆಯಲ್ಲಿ ಕಟ್ಟಬೇಡಿ, ಒಳಗಿನ ಪದಕ್ಕೆ ತಕ್ಕಂತೆ ಹಿಗ್ಗಲಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೆಟ್ಟಿಂಗ್ ಸೊನ್ನೆಗಿಳಿಸಿ. ‘ರಾಷ್ಟ್ರ’, ‘ಸ್ತ್ರೀ’, ‘ಜ್ಯೋತ್ಸ್ನಾ’ ಮೂರನ್ನೂ ಪ್ರತಿ ಗುಂಡಿಯಲ್ಲಿ ಹಾಕಿ ನೋಡಿ. ಇವು ಉಳಿದರೆ ಎಲ್ಲವೂ ಉಳಿಯುತ್ತವೆ. ಸೀರೆಯ ವಿವರ ಹಳೆಯ ನುಡಿ ಫಾಂಟಿನ ಕಡತದಿಂದ ತಂದಿದ್ದರೆ ಮೊದಲು ಎಲ್ಲ ಫೋನುಗಳೂ ಓದುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿ. ಇಲ್ಲದಿದ್ದರೆ ಗಿರಾಕಿ ಇಳಕಲ್ ಸೆರಗಿನ ಹೆಸರು ‘ಟೋಪಿ ತೆನಿ’ ಎಂದು ಎಷ್ಟು ಸಲ ಹುಡುಕಿದರೂ ನಿಮ್ಮ ಅಂಗಡಿಯಲ್ಲಿ ಒಂದು ಸೀರೆಯೂ ಕಾಣುವುದಿಲ್ಲ.