ಪುಟ್ಟ ವಿನ್ಯಾಸ ಸ್ಟುಡಿಯೋ ತನ್ನ ಹೊಸ ಕೆಲಸಗಳ ಸುದ್ದಿಯನ್ನು ಎಷ್ಟು ದಿನಕ್ಕೊಮ್ಮೆ ಹಾಕಬೇಕು?

ಉಡುಪಿಯಲ್ಲಿ ಮೂವರು ಸೇರಿ ನಡೆಸುವ ಉತ್ಪನ್ನ ವಿನ್ಯಾಸದ ಸ್ಟುಡಿಯೋ, ಕೈಯಲ್ಲಿ ಶಂಕರಪುರ ಮಲ್ಲಿಗೆ ಸಾಗಿಸುವ ಪೆಟ್ಟಿಗೆಯ ಕೆಲಸ, ಅದರ ಚಿತ್ರಗಳನ್ನು ವಾರಕ್ಕೊಮ್ಮೆ ಹಾಕಬೇಕೋ ತಿಂಗಳಿಗೊಮ್ಮೆ ಸಾಕೋ ಎಂಬ ಯೋಚನೆ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ 2022ರ ಆಟಿ ತಿಂಗಳ ಒಂದು ರಾತ್ರಿ ನೆನಪಾಯಿತು. ನಾವೂ ಮೂವರೇ ಇದ್ದೆವು. ಮಂಗಳೂರಿನ ಕದ್ರಿಯ ಒಂದು ಹಳೆಯ ಮನೆಯ ಮಹಡಿಯಲ್ಲಿ ನಮ್ಮ ಸ್ಟುಡಿಯೋ ಇತ್ತು, ಹೊರಗೆ ಮಳೆ ಸುರಿಯುತ್ತಿತ್ತು, ಮತ್ತು ನಾವು ನಿಮ್ಮಷ್ಟೇ ಉತ್ಸಾಹದಿಂದ ‘ನಮ್ಮ ಇತ್ತೀಚಿನ ಕೆಲಸ’ ಎಂಬ ತಲೆಬರಹದಡಿ ಐದು ಚಿತ್ರಗಳನ್ನು ಇನ್‌ಸ್ಟಾಗ್ರಾಂಗೆ ಹಾಕಿದೆವು. ಆ ದಿನಾಂಕ ನನಗೆ ಇಂದಿಗೂ ಬಾಯಿಪಾಠವಾಗಿದೆ: ಆಗಸ್ಟ್ 3.

ಚಿತ್ರದಲ್ಲಿದ್ದದ್ದು ಸೇಮಿಗೆ, ಅಂದರೆ ಶಾವಿಗೆ, ಒತ್ತುವ ಮಣೆ. ನಮ್ಮ ಕಡೆಯ ಮನೆಗಳಲ್ಲಿ ಮೂರು ಕಾಲಿನ, ತಿರುಗಿಸುವ ಮಣೆ ಇರುವುದು ನಿಮಗೂ ಗೊತ್ತು; ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಕಾಲುಗಳನ್ನು ಅದುಮಿ ಹಿಡಿಯಬೇಕು. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮೇಲೆ ಮೂಡುಬಿದಿರೆಯ ಮನೆಯಲ್ಲಿ ಒಬ್ಬರೇ ಉಳಿದ ನನ್ನ ಅಮ್ಮ ಸೇಮಿಗೆ ಮಾಡುವುದನ್ನೇ ನಿಲ್ಲಿಸಿದ್ದರು. ನಮ್ಮ ಕೆಲಸ ಶುರುವಾದದ್ದು ಅಲ್ಲಿಂದ. ಮೊದಲ ಮಾದರಿಯನ್ನು ಅವರ ಅಡುಗೆಮನೆಗೆ ಒಯ್ದಾಗ, ಬೆಂದ ಹಿಟ್ಟಿನ ಮೊದಲ ಎರಡು ಉಂಡೆಗಳು ಸಲೀಸಾಗಿ ಇಳಿದವು, ಮೂರನೆಯದು ಅರ್ಧಕ್ಕೆ ನಿಂತಿತು. ಅಮ್ಮ ತುದಿಗಾಲಲ್ಲಿ ನಿಂತು ಮೈಭಾರವನ್ನೆಲ್ಲ ಹಿಡಿಕೆಯ ಮೇಲೆ ಹಾಕಿದರೂ ಬಿಲ್ಲೆಯ ತೂತುಗಳಲ್ಲಿ ಬಿಳಿ ಚುಕ್ಕೆಗಳಷ್ಟೇ ಕಾಣಿಸಿಕೊಂಡವು. ‘ಆರಿ ಹೋಯ್ತು ಮಾರಾಯ, ಇನ್ನು ಇಳಿಯುದಿಲ್ಲ’ ಎಂದರು. ಹಿಟ್ಟು ಆರಿದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಹೆಚ್ಚು ಬಲ ಬೇಕಾಗುತ್ತದೆ. ಹೀಗಾಗಿ ಮೊದಲ ಉಂಡೆಗೆ ಸಾಕಾಗುವ ಹಿಡಿಕೆ ಕೊನೆಯ ಉಂಡೆಗೆ ಸಾಕಾಗುವುದಿಲ್ಲ ಎಂಬುದು ನಮಗೆ ಅಂದು ಅರ್ಥವಾಯಿತು. ಹಿಡಿಕೆಯ ಪಿನ್ನನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿದರೆ ಒತ್ತುವ ಬಲ ಹೆಚ್ಚುವಂತೆ ಮಾಡಿದೆವು. ಒಂದೇ ಸ್ಟೀಲ್ ತಗಡನ್ನು ಬಾಗಿಸಿ, ಅಡುಗೆ ಕಟ್ಟೆಯ ಅಂಚನ್ನು ಕಚ್ಚಿಕೊಂಡು ನಿಲ್ಲುವ ಚೌಕಟ್ಟನ್ನು ರೂಪಿಸಿದೆವು. ಹದಿನಾಲ್ಕು ತಿಂಗಳು ಹಿಡಿಯಿತು, ಒಂಬತ್ತು ಮಾದರಿಗಳಾದವು, ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಚೌತಿಯ ಮಾರಾಟಕ್ಕೆಂದು 60 ಮಣೆಗಳು ಸಿದ್ಧವಾದವು.

ನಮ್ಮ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಹೊಸ್ತಿಲಲ್ಲಿ ನಿಂತಿದ್ದೀರಿ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ. ವಸ್ತುವಿನ ರೂಪವನ್ನು ಬೇರೆಯವರು ನಕಲು ಮಾಡದಂತೆ ಸರ್ಕಾರದಲ್ಲಿ ದಾಖಲಿಸುವ ವಿನ್ಯಾಸ ನೋಂದಣಿ ಎಂಬುದೊಂದಿದೆ ಎಂದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಅಮೆರಿಕದಲ್ಲಿರುವ ನನ್ನ ಸಹಪಾಠಿಯೊಬ್ಬ, ವಿನ್ಯಾಸವನ್ನು ಜನರ ಮುಂದಿಟ್ಟ ಮೇಲೂ ಅರ್ಜಿ ಹಾಕಲು ಒಂದು ವರ್ಷದ ಅವಕಾಶ ಇರುತ್ತದೆ ಎಂದು ಹೇಳಿದ್ದ. ಅವನ ದೇಶದ ಮಟ್ಟಿಗೆ ಅದು ನಿಜವೇ ಆಗಿತ್ತು. ಅದನ್ನು ನಮ್ಮ ದೇಶಕ್ಕೂ ಅನ್ವಯಿಸಿಕೊಂಡು, ಮೊದಲು ಸುದ್ದಿ ಹಬ್ಬಲಿ, ಬೇಡಿಕೆ ಇದೆಯೇ ನೋಡೋಣ, ಆಮೇಲೆ ಅರ್ಜಿ ಹಾಕಿದರಾಯಿತು ಎಂದು ನಿರ್ಧರಿಸಿದವನು ನಾನು. ಭಾರತದ 2000ದ ವಿನ್ಯಾಸ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅರ್ಜಿ ಸಲ್ಲಿಸುವ ದಿನಕ್ಕಿಂತ ಮೊದಲು ವಿನ್ಯಾಸವು ದೇಶದಲ್ಲಾಗಲಿ ಹೊರದೇಶದಲ್ಲಾಗಲಿ ಪ್ರಕಟಣೆಯಿಂದಲೋ ಬಳಕೆಯಿಂದಲೋ ಸಾರ್ವಜನಿಕರಿಗೆ ಬಹಿರಂಗವಾಗಿದ್ದರೆ ಅದನ್ನು ನೋಂದಾಯಿಸುವಂತಿಲ್ಲ. ವರ್ಷದ ಮಾತು ಹಾಗಿರಲಿ, ಒಂದು ದಿನದ ಸಾಮಾನ್ಯ ರಿಯಾಯಿತಿಯೂ ಇಲ್ಲ. ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಲ್ಲಿ, ಮೊದಲೇ ನೋಟಿಸು ಕೊಟ್ಟು ಪ್ರದರ್ಶಿಸಿದರೆ ಆರು ತಿಂಗಳೊಳಗೆ ಅರ್ಜಿ ಹಾಕಲು ಅವಕಾಶವಿದೆ; ನಮ್ಮ ನಿಮ್ಮ ಫೋನಿನಿಂದ ಹಾಕುವ ಚಿತ್ರಗಳಿಗೆ ಅದು ಅನ್ವಯವಾಗದು.

ನಾವು ಅರ್ಜಿ ಸಲ್ಲಿಸಿದ್ದು ಸೆಪ್ಟೆಂಬರ್ 26ರಂದು, ನವರಾತ್ರಿಯ ಮೊದಲ ದಿನ, ಒಳ್ಳೆಯ ದಿನವೆಂದು. ಸುದ್ದಿ ಹಾಕಿ ಆಗಲೇ 54 ದಿನಗಳಾಗಿದ್ದವು.

ಆ ಹೊತ್ತಿಗೆ ಹೊರಜಿಲ್ಲೆಯ ಪಾತ್ರೆ ತಯಾರಕರೊಬ್ಬರು ಮಣೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ, ಮಾರಾಟವಾದ ಪ್ರತಿ ಮಣೆಗೂ ನಮಗೆ ರಾಯಧನ ಕೊಡಲು ಒಪ್ಪಿದ್ದರು. ಕರಾರಿಗೆ ಸಹಿ ಹಾಕುವ ಮುನ್ನ ಅವರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಮೊದಲ ಬಾರಿಗೆ ಹೊರಗೆ ತೋರಿಸಿದ್ದು ಯಾವಾಗ? ಉತ್ತರ ನಮ್ಮದೇ ಪುಟದಲ್ಲಿ, ದಿನಾಂಕ ಸಮೇತ, ಮುಂಬದಿ, ಪಕ್ಕದ ನೋಟ, ಮೇಲಿನ ನೋಟ ಎಲ್ಲದರೊಂದಿಗೆ ಇತ್ತು. ನೋಂದಣಿ ಸಿಕ್ಕರೂ ಅದರಲ್ಲಿ ಹಿತಾಸಕ್ತಿ ಇರುವ ಯಾರಾದರೂ ಆ ಪುಟವನ್ನು ತೋರಿಸಿ 19ನೇ ಸೆಕ್ಷನ್ ಅಡಿ ಅದನ್ನು ರದ್ದುಪಡಿಸಲು ಕೇಳಬಹುದು ಎಂದು ಅವರು ವಿವರಿಸಿದರು. ರೇಖಾಚಿತ್ರಗಳ ಮೇಲೆ ಕೃತಿಸ್ವಾಮ್ಯವಾದರೂ (ಕಾಪಿರೈಟ್) ಇದೆಯಲ್ಲ ಎಂದು ನಾನು ಕೇಳಿದೆ. ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸದ ವಸ್ತು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಾದ ಕೂಡಲೇ ಆ ವಿನ್ಯಾಸದ ಕೃತಿಸ್ವಾಮ್ಯ ಮುಗಿಯುತ್ತದೆ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ನಾವು 60 ಮಣೆ ಮಾಡಿಸಿದ್ದೆವು. ಐವತ್ತು ದಾಟಿದ ದಿನ ಎಲ್ಲರಿಗೂ ಹೋಳಿಗೆ ಹಂಚಿದ್ದೆವು.

ಕರಾರು ಮುರಿಯಿತು. ಮರುವರ್ಷದ ಚೌತಿಗೆ ಅದೇ ಬಾಗು, ಅದೇ ಕಟ್ಟೆ ಕಚ್ಚುವ ಚೌಕಟ್ಟು ಇರುವ ಮಣೆ ಇನ್ನೊಬ್ಬರ ಹೆಸರಿನಲ್ಲಿ ಪೇಟೆಯ ಪಾತ್ರೆ ಅಂಗಡಿಗೆ ಬಂತು. ಕೈಗೆತ್ತಿಕೊಂಡು ನೋಡಿದೆ, ತಗಡು ತೆಳುವಾಗಿತ್ತು, ಪಿನ್ನು ಬದಲಿಸುವ ಎರಡನೆಯ ತೂತೇ ಇರಲಿಲ್ಲ. ಅಂದರೆ ಆರಿದ ಹಿಟ್ಟಿಗೆ ಅದು ಉಪಯೋಗವಿಲ್ಲ. ಹದಿನಾಲ್ಕು ತಿಂಗಳು ಯಾವುದಕ್ಕಾಗಿ ದುಡಿದೆವೋ ಅದನ್ನೇ ಬಿಟ್ಟು ಬರೀ ರೂಪವನ್ನು ಒಯ್ದದ್ದು ನನಗೆ ಹಣದ ನಷ್ಟಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆದ್ದರಿಂದ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂವರ ಸ್ಟುಡಿಯೋಗೆ ವಾರಕ್ಕೊಂದು ಸುದ್ದಿ ಹುಟ್ಟುವುದಿಲ್ಲ; ಹುಟ್ಟಿಸಲು ಹೊರಟರೆ ಅರ್ಧ ಬೆಂದ ಕೆಲಸವನ್ನು ಬೀದಿಗೆ ತರುತ್ತೀರಿ. ಮೊದಲು ಅರ್ಜಿ, ಅರ್ಜಿ ಸಂಖ್ಯೆ ಕೈಗೆ ಬಂದ ಮೇಲೆ ಚಿತ್ರ. ಕೊಲ್ಕತ್ತಾದ ಪೇಟೆಂಟ್ ಕಚೇರಿಯ ವಿನ್ಯಾಸ ವಿಭಾಗಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಸಲ್ಲಿಸಬಹುದು. ನಾವು ಸಲ್ಲಿಸಿದಾಗ ವ್ಯಕ್ತಿಗಳಿಗೂ ನವೋದ್ಯಮಗಳಿಗೂ ಸಣ್ಣ ಉದ್ದಿಮೆಗಳಿಗೂ ಸರ್ಕಾರಿ ಶುಲ್ಕ 1000 ರೂಪಾಯಿ ಇತ್ತು. ವಸ್ತುವಿನ ಆರು ಬದಿಗಳ ನೋಟ, ಜೊತೆಗೆ ಓರೆಯಾಗಿ ಕಾಣುವ ಒಂದು ನೋಟ, ಇಷ್ಟನ್ನು ಸ್ವಚ್ಛವಾಗಿ ಸಿದ್ಧಪಡಿಸುವುದು ನಿಮಗೆ ಒಂದು ದಿನದ ಕೆಲಸ. ನೋಂದಣಿಯಾದರೆ 10 ವರ್ಷ, ಮುಂದೆ ಇನ್ನೂ 5 ವರ್ಷ ಹಕ್ಕು ನಿಮ್ಮದು. ಇದು ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ ಸಿಗುವ ರಕ್ಷಣೆ ಎಂಬುದು ನೆನಪಿರಲಿ. ನಾಲ್ಕು ಚೆಂಡು ಹೂವಿನ ಒಂದು ಕಟ್ಟು (ನಮ್ಮಲ್ಲಿ ಅಟ್ಟೆ ಎನ್ನುವುದು) ಬಾಡದಂತೆ ಉಳಿಯುವುದು ಪೆಟ್ಟಿಗೆಯ ಒಳಗಿನ ಯಾವುದೋ ಹೊಸ ತಾಂತ್ರಿಕ ಉಪಾಯದಿಂದಾದರೆ ಅದಕ್ಕೆ ಪೇಟೆಂಟ್‌ನ ದಾರಿ ಬೇರೆ, ಮತ್ತು ಅಲ್ಲೂ ಬಹಿರಂಗಪಡಿಸುವ ಮುನ್ನವೇ ಹೋಗಬೇಕು.

ಹಾಗೆಂದು ಮಾದರಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಕಿಲ್ಲ. ವರ್ಕ್‌ಶಾಪಿನವರಿಗೂ ಹೂ ಕಟ್ಟುವವರಿಗೂ ತೋರಿಸದೆ ಪೆಟ್ಟಿಗೆ ಆಗುವುದಾದರೂ ಹೇಗೆ? ಗೋಪ್ಯವಾಗಿಡಬೇಕೆಂಬ ನಂಬಿಕೆಯ ಮೇಲೆ ತೋರಿಸಿದ್ದನ್ನು 16ನೇ ಸೆಕ್ಷನ್ ಪ್ರಕಟಣೆ ಎಂದು ಎಣಿಸುವುದಿಲ್ಲ. ಆದರೆ ಆ ನಂಬಿಕೆ ಒಂದು ಪುಟದ ಕಾಗದದಲ್ಲಿ, ಸಹಿಯೊಂದಿಗೆ ಇರಲಿ. ನೂರಾರು ಜನರಿರುವ ವಾಟ್ಸಾಪ್ ಗುಂಪಿಗೆ ‘ಹೇಗಿದೆ ನೋಡಿ’ ಎಂದು ಕಳುಹಿಸುವುದನ್ನು ಹಾಗೆ ಸಮರ್ಥಿಸಿಕೊಳ್ಳುವುದು ಬಹಳ ಕಷ್ಟ.

ಸುದ್ದಿಯಾಗಿ ಏನು ಹಾಕಬೇಕು ಎಂಬ ಬಗ್ಗೆಯೂ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಮಾರಾಟವಾದ ವಸ್ತು ಒಂದು ಮಳೆಗಾಲ ಕಳೆದ ಮೇಲೆ ಹೇಗಿದೆ ಎಂದು ಬರೆಯಿರಿ. ನಮಗೆ ಅತಿ ಹೆಚ್ಚು ವಿಚಾರಣೆ ತಂದುಕೊಟ್ಟದ್ದು ಹೊಳೆಯುವ ಹೊಸ ಮಣೆಯ ಚಿತ್ರವಲ್ಲ. ಕಡಲ ಪಕ್ಕದ ಮನೆಯೊಂದರಿಂದ ತುಕ್ಕಿನ ಚುಕ್ಕೆಗಳೊಂದಿಗೆ ಮರಳಿ ಬಂದ ಪಿನ್ನಿನ ಚಿತ್ರ, ಮತ್ತು ಉಪ್ಪುಗಾಳಿಯನ್ನು ತಾಳಿಕೊಳ್ಳಲು ಅದನ್ನು 304ರ ಬದಲು 316 ದರ್ಜೆಯ ಸ್ಟೀಲಿನಲ್ಲಿ ಮಾಡಿಕೊಟ್ಟೆವು ಎಂಬ ನಾಲ್ಕು ಸಾಲು. ವರ್ಷಕ್ಕೆ ಅಂಥ ನಾಲ್ಕು ಸುದ್ದಿಗಳು ಧಾರಾಳವಾಗಿ ಸಾಕು.

ಇನ್ನೊಂದು, ವಸ್ತುವಿನ ಮೈಮೇಲೆಯೇ ನೋಂದಣಿ ಸಂಖ್ಯೆಯನ್ನು ಅಚ್ಚೊತ್ತಿ. ಅದಿಲ್ಲದಿದ್ದರೆ ನಕಲು ಮಾಡಿದವರಿಂದ ಪರಿಹಾರ ಕೇಳುವಾಗ ತೊಡಕಾಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಊರಿನವರು ನಾವು. ಹಳೆಯ ಮನೆಯ ಮಾಡಿನಿಂದ ಇಳಿಸಿದ ಹೆಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರು ಇಂದಿಗೂ ಬೆರಳಿಗೆ ತಾಕುತ್ತದೆ. ಆ ಅಭ್ಯಾಸವನ್ನು ನಾವು ಏಕೆ ಬಿಟ್ಟೆವೋ ತಿಳಿಯದು.

ಪೆಟ್ಟಿಗೆಯ ಚಿತ್ರವನ್ನು ಈಗಾಗಲೇ ಎಲ್ಲಾದರೂ ಹಾಕಿದ್ದೀರಾದರೆ ಅಳಿಸಿದ ಮಾತ್ರಕ್ಕೆ ಅದು ಆಗಲೇ ಇಲ್ಲವೆಂದಾಗುವುದಿಲ್ಲ, ದಿನಾಂಕ ಮುಚ್ಚಿಟ್ಟು ಅರ್ಜಿ ಹಾಕುವ ಯೋಚನೆಯನ್ನಂತೂ ಮಾಡಬೇಡಿ. ರೂಪವನ್ನು ನಿಜವಾಗಿಯೂ ಬದಲಿಸಿ, ಹೊಸದಕ್ಕೆ ಅರ್ಜಿ ಹಾಕಿ. ನಾವು ಮಾಡಿದ್ದೂ ಅದನ್ನೇ. ಚೌಕಟ್ಟನ್ನು ಪೂರ್ತಿ ಬೇರೆಯಾಗಿ ಬಿಡಿಸಿದ ಎರಡನೆಯ ಮಣೆಯನ್ನು ಅರ್ಜಿ ಸಂಖ್ಯೆ ಬರುವವರೆಗೆ ಅಮ್ಮನ ಅಡುಗೆಮನೆಯಲ್ಲೇ ಇಟ್ಟಿದ್ದೆವು. ಆ ದಿನಗಳಲ್ಲಿ ನೆಂಟರು ಬಂದಾಗಲೆಲ್ಲ ಅಮ್ಮ ಅದರ ಮೇಲೆ ಒಂದು ಬೈರಾಸು ಹೊದಿಸುತ್ತಿದ್ದರು.