ಮೊಣಕಾಲುದ್ದದ ನೀರಿನಲ್ಲಿ ಕಾರು ದಾಟಿಸಬಹುದೇ?

ಪ್ರಶ್ನೆ: ನಾನು ನಿತ್ಯ ಓಡಾಡುವ ರಸ್ತೆಯ ತಗ್ಗಿನಲ್ಲಿ ಮಳೆ ಜೋರಾದಾಗ ಹಳ್ಳದ ನೀರು ಉಕ್ಕಿ ಹರಿಯುತ್ತದೆ. ನೀರು ಮೊಣಕಾಲಿನವರೆಗೆ ಮಾತ್ರ ಇದ್ದರೆ ಕಾರನ್ನು ನಿಧಾನವಾಗಿ ದಾಟಿಸಬಹುದೇ? ನೀರು ಮನೆಯತ್ತ ಬಂದರೆ ಮೊದಲು ಏನು ಮಾಡಬೇಕು?

ಉತ್ತರ: ದಾಟಿಸಬೇಡಿ. ನಿಮ್ಮ ಪ್ರಶ್ನೆಯಲ್ಲಿರುವ ‘ಮಾತ್ರ’ ಎಂಬ ಪದವೇ ನನಗೆ ಹೆಚ್ಚು ಆತಂಕ ತರುತ್ತದೆ. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಕಾರಿನ ತಳಭಾಗ ಅಷ್ಟು ನೀರಿನ ಜಾಗವನ್ನು ಆಕ್ರಮಿಸಿದರೆ ಅಷ್ಟೇ ತೂಕದ ಬಲ ಕಾರನ್ನು ಮೇಲಕ್ಕೆತ್ತುತ್ತದೆ. ಹೀಗಾಗಿ ಸುಮಾರು 30 ಸೆಂಟಿಮೀಟರ್ ನೀರಿನಲ್ಲಿಯೇ ಸಣ್ಣ ಕಾರುಗಳು ತೇಲತೊಡಗಬಹುದು, 60 ಸೆಂಟಿಮೀಟರ್ ಹರಿವಿನಲ್ಲಿ ದೊಡ್ಡ ವಾಹನಗಳೂ ಕೊಚ್ಚಿಹೋಗಬಹುದು. ಮೊಣಕಾಲಿನ ಎತ್ತರ ಇವೆರಡರ ನಡುವೆ ಬರುತ್ತದೆ. ಚಕ್ರಗಳಿಗೆ ನೆಲದ ಹಿಡಿತ ತಪ್ಪಿದ ಮೇಲೆ, ನಿಧಾನವಾಗಿ ಓಡಿಸಿದರೂ ಕಾರು ಚಾಲಕನ ಮಾತು ಕೇಳುವುದಿಲ್ಲ.

ಇಳಿದು ನಡೆದೇ ದಾಟುತ್ತೇನೆ ಎನ್ನುವುದೂ ಸರಿಯಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುವುದರಿಂದ, ರಭಸವಾಗಿ ಹರಿಯುವ ಕೇವಲ 15 ಸೆಂಟಿಮೀಟರ್ ನೀರು ಕೂಡ ವಯಸ್ಕರನ್ನು ಕೆಡವಬಲ್ಲದು. ರಾಡಿ ನೀರಿನಡಿಯಲ್ಲಿ ರಸ್ತೆ ಕೊರೆದುಹೋಗಿದೆಯೇ, ಮೋರಿ ಕುಸಿದಿದೆಯೇ ಎಂಬುದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ನಿನ್ನೆ ಇದೇ ಜಾಗವನ್ನು ದಾಟಿದ್ದೆವೆಂಬ ಧೈರ್ಯ ಇಂದು ಉಪಯೋಗಕ್ಕೆ ಬಾರದು. ಅಕಸ್ಮಾತ್ ಕಾರು ನೀರಿನಲ್ಲಿ ಸಿಲುಕಿ ನೀರು ಏರತೊಡಗಿದರೆ ಬಾಗಿಲಿನೊಡನೆ ಗುದ್ದಾಡುತ್ತ ಕೂರಬೇಡಿ. ಹೊರಗಿನ ನೀರಿನ ಒತ್ತಡ ಅದನ್ನು ತೆರೆಯಗೊಡುವುದಿಲ್ಲ. ಸೀಟ್ ಬೆಲ್ಟ್ ಬಿಚ್ಚಿ, ವಿದ್ಯುತ್ ವ್ಯವಸ್ಥೆ ಕೈಕೊಡುವ ಮೊದಲೇ ಕಿಟಕಿ ಇಳಿಸಿ ಹೊರಬನ್ನಿ.

ಮನೆಯ ವಿಷಯದಲ್ಲಿ, ನೀರು ಹೊಸ್ತಿಲು ಮುಟ್ಟುವ ಮೊದಲೇ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ನೀರು ಒಳಗೆ ಬಂದಾಗಿದ್ದರೆ, ಅದರಲ್ಲಿ ನಿಂತುಕೊಂಡು ಸ್ವಿಚ್ ಮುಟ್ಟಬಾರದು. ಊರು ಬಿಡುವಂತೆ ಸೂಚನೆ ಬಂದರೆ ಸಾಮಾನು ಕಟ್ಟುತ್ತ ತಡಮಾಡಬೇಡಿ. ಹೊರಡಲು ಆಗದಿದ್ದರೆ ಮೇಲ್ಮಹಡಿಗೆ ಹೋಗಿ, ಆದರೆ ಛಾವಣಿಗೆ ದಾರಿಯಿಲ್ಲದ ಅಟ್ಟವನ್ನು ಏರಬೇಡಿ, ಏಕೆಂದರೆ ನೀರು ಅಲ್ಲಿಯವರೆಗೂ ಬಂದರೆ ಹೊರಬೀಳಲು ಬೇರೆ ದಾರಿಯೇ ಇರುವುದಿಲ್ಲ.

ನೀರು ಇಳಿದ ಬಳಿಕ, ನೆನೆದ ವಿದ್ಯುತ್ ಉಪಕರಣಗಳನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಬಳಸಬೇಡಿ. ಕುಡಿಯುವ ನೀರನ್ನು ಕೊತಕೊತನೆ ಕನಿಷ್ಠ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಅದರಲ್ಲಿ ಡೀಸೆಲ್ ಅಥವಾ ಕೀಟನಾಶಕ ಬೆರೆತಿದ್ದರೆ ಎಷ್ಟು ಕುದಿಸಿದರೂ ಅದು ಕುಡಿಯಲು ಯೋಗ್ಯವಾಗುವುದಿಲ್ಲ.